ಈರುಳ್ಳಿ ಹೆಚ್ಚುವ ಎತ್ತರಕ್ಕೆ ಕುಂಡ ಬರಲಿ

ಪ್ರಶ್ನೆ: ನನಗೆ 63 ವರ್ಷ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು 30×40 ಸೈಟಿನ ಮನೆ. ತಾರಸಿ ಮೇಲೆ 60 ಕುಂಡಗಳಿವೆ. ಸೊಪ್ಪು, ಟೊಮೆಟೊ, ಬದನೆ, ಹೀರೆ, ಕನಕಾಂಬರ ಎಲ್ಲ ಬೆಳೆಯುತ್ತೇನೆ. ಎರಡು ವರ್ಷದಿಂದ ಬಲ ಮಂಡಿ ನೋವು. ಡಾಕ್ಟರು ಎಕ್ಸ್‌ರೇ ನೋಡಿ ಸವೆತ ಶುರುವಾಗಿದೆ, ಕೆಳಗೆ ಕೂರಬೇಡಿ ಎಂದರು. ಕೂರದೆ ಬಗ್ಗಿ ಕೆಲಸ ಮಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ‘ಸಾಕು ಬಿಡಮ್ಮ, ಸೊಪ್ಪು ಅಂಗಡಿಯಲ್ಲೇ ಸಿಗುತ್ತೆ’ ಅಂತಾರೆ ಮಕ್ಕಳು. ತೋಟ ಬಿಡಲೇಬೇಕಾ? ಇನ್ನೊಂದು ಮಾತು. ನಮ್ಮ ಅತ್ತೆಯವರು ನೆಟ್ಟ ದೊಡ್ಡ ಮಲ್ಲಿಗೆ ಕುಂಡ ಒಂದಿದೆ. ಅದನ್ನು ಅಲುಗಾಡಿಸಲೂ ನನ್ನಿಂದ ಆಗುವುದಿಲ್ಲ. ಅದಕ್ಕೇನು ಮಾಡಲಿ?

ಉತ್ತರ: ಬಿಡಬೇಡಿ ಮೇಡಂ. ಮೊದಲು ಅದನ್ನು ಹೇಳಿಬಿಡುತ್ತೇನೆ. ಮಂಡಿ ಸವೆತ ಅಂದ ತಕ್ಷಣ ಎಲ್ಲ ಬಿಟ್ಟು ಸೋಫಾ ಮೇಲೆ ಕೂತವರನ್ನು 28 ವರ್ಷದ ಫಿಸಿಯೋಥೆರಪಿ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ. ಕೂತರೆ ತೊಡೆಯ ಸ್ನಾಯು ಸೊರಗುತ್ತದೆ. ತೊಡೆ ಸೊರಗಿದರೆ ಅದು ಹೊರಬೇಕಾದ ಭಾರವೂ ಮಂಡಿಗೇ ಬೀಳುತ್ತದೆ. ಆರು ತಿಂಗಳು ಕಳೆದ ಮೇಲೆ ಅವರೇ ಬಂದು ‘ರೆಸ್ಟ್ ತಗೊಂಡ್ರೂ ನೋವು ಹೋಗ್ಲಿಲ್ಲ’ ಅನ್ನುತ್ತಾರೆ. ತೋಟದಲ್ಲಿ ನಡೆಯುವುದು, ಕೈ ಚಾಚುವುದು, ನಿಲ್ಲುವುದು, ತಿರುಗುವುದು ಎಲ್ಲ ನಿಮ್ಮ ಮಂಡಿಗೆ ಬೇಕು. ಬೇಡದ್ದು ಒಂದೇ, ಆ ಕುಂಡಗಳು ಈಗ ಇರುವ ಎತ್ತರ.

ನಮ್ಮ ಅಜ್ಜಿಯರ ಅಡುಗೆಮನೆ ನೆನಪಿದೆಯಾ? ಒಲೆ ನೆಲದಲ್ಲಿತ್ತು. ಈಳಿಗೆ ಮಣೆ ನೆಲದಲ್ಲಿತ್ತು. ರುಬ್ಬುವ ಕಲ್ಲು, ಒರಳು ಎಲ್ಲ ನೆಲದಲ್ಲೇ. ಆಮೇಲೆ ಗ್ಯಾಸ್ ಬಂತು, ಕಟ್ಟೆ ಬಂತು, ಅಡುಗೆ ಎದ್ದು ನಿಂತಿತು. ಇವತ್ತು ನಿಮಗೆ ಯಾರಾದರೂ ನೆಲದ ಮೇಲೆ ಒಲೆ ಇಟ್ಟುಕೊಟ್ಟು ದಿನಾ ಸಾರು ಮಾಡಿ ಅಂದರೆ ಒಪ್ಪುತ್ತೀರಾ? ಆದರೆ ಕುಂಡ ಮಾತ್ರ ಇನ್ನೂ ನೆಲದಲ್ಲೇ ಇದೆ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಏಳಲಾಗದಿದ್ದಾಗ ‘ವಯಸ್ಸಾಯ್ತು’ ಅಂದುಕೊಳ್ಳುತ್ತೇವೆ. ವಯಸ್ಸಿನದ್ದು ಸ್ವಲ್ಪ ಪಾಲು ಇದೆ, ಇಲ್ಲ ಅನ್ನುವುದಿಲ್ಲ. ಜಾಸ್ತಿ ಪಾಲು ಎತ್ತರದ್ದು.

ಹಾಗಾದರೆ ಎಷ್ಟು ಎತ್ತರ ಬೇಕು? ಟೇಪು ಹಿಡಿದುಕೊಂಡು ಅಡುಗೆಮನೆಗೆ ಹೋಗಿ. ನೀವು ನಿಂತು ಈರುಳ್ಳಿ ಹೆಚ್ಚುವ ಕಟ್ಟೆಯನ್ನು ಅಳೆಯಿರಿ. ನಮ್ಮ ಮನೆಗಳಲ್ಲಿ ಅದು ಹೆಚ್ಚುಕಡಿಮೆ 32–34 ಇಂಚು ಇರುತ್ತದೆ. ಅಲ್ಲಿ ನಿಮ್ಮ ಮೊಣಕೈ ಸುಮ್ನೆ ಇಳಿಬಿದ್ದಿರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಕುಂಡದ ಮಣ್ಣಿನ ಮೇಲ್ಮಟ್ಟ ಆ ಎತ್ತರಕ್ಕೆ ಬರಬೇಕು. 12 ಇಂಚು ಎತ್ತರದ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಆದರೆ ಅದರ ಕೆಳಗೆ 20 ಇಂಚಿನ ಸ್ಟ್ಯಾಂಡ್ ಸಾಕು. 8 ಇಂಚು ಆಳದ ಸೊಪ್ಪಿನ ಟ್ರೇ ಆದರೆ 24 ಇಂಚು ಬೇಕು. ಕಟ್ಟೆಯ ಅಗಲವನ್ನೂ ನೋಡಿಕೊಳ್ಳಿ. ಸಾಮಾನ್ಯವಾಗಿ 2 ಅಡಿ. ಅದಕ್ಕಿಂತ ಆಚೆ ಕೈ ಚಾಚಬೇಕಾದರೆ ಸೊಂಟ ಮುಂದಕ್ಕೆ ಬಾಗಲೇಬೇಕು. ಹಾಗಾಗಿ ಗೋಡೆಗೆ ತಾಗಿಸಿ ಇಡುವ ಸಾಲು 2 ಅಡಿ ಅಗಲ ದಾಟಬಾರದು. ಎರಡೂ ಕಡೆ ಓಡಾಡಲು ಜಾಗ ಇದ್ದರೆ 4 ಅಡಿವರೆಗೂ ಹೋಗಬಹುದು.

ಎಲ್ಲ ಗಿಡಕ್ಕೂ ಈ ಎತ್ತರ ಹೊಂದುವುದಿಲ್ಲ. ಟೊಮೆಟೊ, ಬದನೆಯನ್ನು 20 ಇಂಚಿನ ಸ್ಟ್ಯಾಂಡ್ ಮೇಲೆ ಇಟ್ಟರೆ ಎರಡು ತಿಂಗಳಲ್ಲಿ ತಲೆ ಮೇಲೆ ಬೆಳೆದು ನಿಲ್ಲುತ್ತದೆ. ಆಗ ಕೈ ಎತ್ತಿ ಎತ್ತಿ ಭುಜ, ಕುತ್ತಿಗೆ ನೋವು. ಗಿಡದಲ್ಲಿ ನಿಮ್ಮ ಕೈ ಎಲ್ಲಿ ಕೆಲಸ ಮಾಡುತ್ತದೆ ಅಂತ ನೋಡಬೇಕು. ಮೆಂತ್ಯ, ಕೊತ್ತಂಬರಿ, ಪಾಲಕ್, ದಂಟಿನ ಸೊಪ್ಪಿಗೆ ಕೈ ಮಣ್ಣಿನ ಹತ್ತಿರವೇ ಇರುತ್ತದೆ. ಬಿತ್ತುವುದು, ಕಳೆ ತೆಗೆಯುವುದು, ಚಿವುಟುವುದು ಎಲ್ಲ ಅಲ್ಲೇ. ಇವಕ್ಕೆ ಅಡುಗೆ ಕಟ್ಟೆಯ ಎತ್ತರ. ಬದನೆ, ಟೊಮೆಟೊ, ಮೆಣಸಿನಕಾಯಿಗೆ ಕೈ ಮಣ್ಣಿನಿಂದ ಒಂದೆರಡು ಅಡಿ ಮೇಲೆ ಓಡಾಡುತ್ತದೆ. ಇವುಗಳ ಕೆಳಗೆ ಒಂದು ಸಿಮೆಂಟ್ ಬ್ಲಾಕ್ ಇದ್ದರೆ ಸಾಕು. ಕರಿಬೇವು, ದಾಸವಾಳ, ನಿಂಬೆ ನೆಲದಲ್ಲೇ ಇರಲಿ. ಅವನ್ನು ದಿನಾ ಮುಟ್ಟುವ ಕೆಲಸವೇ ಇಲ್ಲ.

ಹೀರೆಗೆ ಚಪ್ಪರ ಹಾಕಿರುತ್ತೀರಿ ಅಲ್ವಾ? ಚಪ್ಪರದ ಕೆಳಗೆ ಕತ್ತು ಎತ್ತಿ ಕಾಯಿ ಹುಡುಕುವುದು ಅರ್ಧ ಗಂಟೆಯಾದರೆ ಅದೂ ಒಂದು ಶಿಕ್ಷೆ. ಮುಂದಿನ ಸಲ ಬಲೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಟ್ಟಿಸಿ, ನಿಮ್ಮ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ. ಬಳ್ಳಿ ಅಲ್ಲಿಗೆ ಬಂದಾಗ ತುದಿ ಚಿವುಟಿದರೆ ಅಡ್ಡ ಕವಲೊಡೆಯುತ್ತದೆ. ಹಾಗಲ, ಬಸಳೆ, ಚಪ್ಪರದವರೆ ಎಲ್ಲ ಹೀಗೆ ಹಬ್ಬುತ್ತವೆ. ಪಡವಲ ಮಾತ್ರ ಒಪ್ಪುವುದಿಲ್ಲ, ಅದಕ್ಕೆ ಉದ್ದಕ್ಕೆ ಜೋತು ಬೀಳಲು ಜಾಗ ಬೇಕು. ಪಡವಲವನ್ನು ಅಂಗಡಿಯಿಂದ ತನ್ನಿ, ಮಕ್ಕಳ ಮಾತು ಒಂದಾದರೂ ಕೇಳಿದಂತಾಯಿತು.

ಸ್ಟ್ಯಾಂಡಿಗೆ ದುಬಾರಿ ಖರ್ಚು ಬೇಡ. 16 ಇಂಚು ಉದ್ದ, 8 ಇಂಚು ಎತ್ತರದ ಸಾಲಿಡ್ ಸಿಮೆಂಟ್ ಬ್ಲಾಕ್ ಮನೆ ಕಟ್ಟುವ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಎರಡು ಸಾಲು ಜೋಡಿಸಿದರೆ 16 ಇಂಚು, ಮೂರಾದರೆ 24 ಇಂಚು. 4 ಇಂಚು ದಪ್ಪದ್ದು ಬೇಡ, ಮೂರು ಸಾಲು ಏರಿಸಿದರೆ ಅಲ್ಲಾಡುತ್ತದೆ. 8 ಇಂಚು ದಪ್ಪದ್ದೇ ತನ್ನಿ. ಅದರ ಮೇಲೆ ಕಡಪ ಕಲ್ಲಿನ ಹಲಗೆ. ಹಳೇ ಅಡುಗೆಮನೆ ಒಡೆಸಿದವರ ಮನೆಯಲ್ಲಿ ಅದು ಸುಮ್ನೆ ಬಿದ್ದಿರುತ್ತದೆ, ಕೇಳಿ ನೋಡಿ. ಬ್ಲಾಕನ್ನು ನೀವು ಮಾತ್ರ ಎತ್ತಬೇಡಿ. ಒಂದೊಂದೂ ಅಕ್ಕಿ ಮೂಟೆಯಷ್ಟು ಭಾರ. ಮಕ್ಕಳಿಗೆ ಒಂದು ಭಾನುವಾರದ ಕೆಲಸ ಕೊಡಿ. ತೋಟ ಬಿಡು ಅನ್ನುವವರು ಇಷ್ಟಾದರೂ ಮಾಡಲಿ. ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದರೆ ಇನ್ನೂ ಹಗುರ. ಅಳತೆ ಬರೆದುಕೊಡಿ. ನಾನು ಬಾಯಿಮಾತಿನಲ್ಲಿ ಹೇಳಿ ಮಾಡಿಸಿದ ಮೊದಲ ಸ್ಟ್ಯಾಂಡ್ 36 ಇಂಚು ಬಂತು. ಅದರ ಮೇಲೆ ಕುಂಡ ಇಟ್ಟರೆ ಗಿಡ ನೋಡಲು ನನಗೇ ಸ್ಟೂಲ್ ಬೇಕಾಯಿತು. ಈಗ ಅದು ಇಸ್ತ್ರಿ ಬಟ್ಟೆ ಇಡುವ ಮೇಜು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಜಾಗ ಕಡಿಮೆ ಇರುವವರಿಗಾಗಿ ಒಂದರ ಮೇಲೊಂದು ಕುಂಡ ಜೋಡಿಸುವ ಲಂಬ ತೋಟದ ಚೌಕಟ್ಟನ್ನೂ ರೂಪಿಸಿದೆ. ಅಂಥದ್ದನ್ನು ಇಟ್ಟುಕೊಂಡರೆ ಕೆಳಗಿನ ಸಾಲಿಗೆ ಕೈ ಕಡಿಮೆ ಹೋಗುವ ಗಿಡ ಹಾಕಿ. ದೊಡ್ಡಪತ್ರೆ, ಪುದೀನ ತರಹದ್ದು. ದಿನಾ ಚಿವುಟುವ ಸೊಪ್ಪು ನಡುವಿನ ಸಾಲಿಗೆ.

ಇಲ್ಲಿ ತಾರಸಿಯ ಬಗ್ಗೆ ಒಂದು ಮಾತು. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಮಾನಕದ ಲೆಕ್ಕ ಚದರ ಮೀಟರಿಗೆ ಸುಮಾರು 150 ಕೆಜಿ. ಬ್ಲಾಕು, ಕಲ್ಲು, ಒದ್ದೆ ಮಣ್ಣು ಸೇರಿದರೆ ಇದು ಬೇಗ ತುಂಬಿಬಿಡುತ್ತದೆ. ಭಾರದ ಸಾಲುಗಳೆಲ್ಲ ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಬರಲಿ, ತಾರಸಿಯ ನಡುವೆ ಬೇಡ. ಮನೆ ಹಳೆಯದಾದರೆ ಇಂಜಿನಿಯರ್ ಒಬ್ಬರಿಗೆ ತೋರಿಸಿಯೇ ಶುರು ಮಾಡಿ.

60 ಕುಂಡ ಅಂದಿರಿ. ಅದರಲ್ಲಿ ನಿಜವಾಗಿ ನೀವು ಅಡುಗೆಗೆ, ಪೂಜೆಗೆ ಬಳಸುವುದು ಎಷ್ಟು? ನನ್ನಲ್ಲಿ 70 ಇತ್ತು. ಎಣಿಸಿದರೆ 20 ಕುಂಡದಲ್ಲಿ ಯಾರೋ ಕೊಟ್ಟ ಕಡ್ಡಿ, ಬಿಸಾಡಲು ಮನಸ್ಸಾಗದ ಅಲೋವೆರಾ ಮರಿಗಳು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಜನವರಿಯಲ್ಲೊಮ್ಮೆ ಆಗಸ್ಟಿನಲ್ಲೊಮ್ಮೆ ಹೋದಾಗಲೆಲ್ಲ ಎರಡು ಗಿಡ ಹಿಡಿದುಕೊಂಡೇ ಬರುವ ರೋಗ ನಮ್ಮೂರಿನ ಅರ್ಧ ಜನಕ್ಕಿದೆ. 60ನ್ನು 40ಕ್ಕೆ ಇಳಿಸಿ. ಕೈತೋಟದವರ ಮೇಳಗಳಲ್ಲಿ ಸಸಿ, ಬೀಜ ಬದಲಾಯಿಸಿಕೊಳ್ಳುವವರು ಸಿಗುತ್ತಾರೆ. ಪಕ್ಕದ ಮನೆಯವರಿಗೆ ಕೊಟ್ಟರೂ ಆಯಿತು.

ಇನ್ನು ಮುಖ್ಯ ವಿಷಯ. ಸೊಂಟ ನೋವಿನಿಂದ ನನ್ನ ಬಳಿಗೆ ಬರುವ ಕೈತೋಟದವರನ್ನು ಏನು ಮಾಡುತ್ತಿದ್ದಿರಿ ಅಂತ ಕೇಳಿದರೆ ಬಹುತೇಕ ಒಂದೇ ಉತ್ತರ. ‘ಏನಿಲ್ಲ, ಇದೊಂದು ಕುಂಡ ಮುಗಿಸಿಬಿಡೋಣ ಅಂತ ಕೂತೆ.’ ಆ ಒಂದು ಕುಂಡ ಆರು ಕುಂಡ ಆಗಿರುತ್ತದೆ, ಹತ್ತು ನಿಮಿಷ ಒಂದೂವರೆ ಗಂಟೆ ಆಗಿರುತ್ತದೆ. ನೋವು ತರುವುದು ಬಗ್ಗಿದ್ದಲ್ಲ, ಬಗ್ಗಿದವರು ಹಾಗೇ ಉಳಿದದ್ದು. ಹೊತ್ತು ಹೋದದ್ದೇ ತೋಟದಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ನಾವು ಅಲ್ಲಿಗೆ ಹೋಗುವುದು ತಾನೆ. ಹಾಗಾಗಿ ಹೊರಗಿನಿಂದ ಯಾರಾದರೂ ನೆನಪಿಸಬೇಕು. ನಾನು ರೇಡಿಯೋ ಹಾಕಿಕೊಳ್ಳುತ್ತೇನೆ. ನಾಲ್ಕು ಹಾಡು ಮುಗಿದರೆ ಕೆಲಸ ಬದಲು. ಕಳೆ ಕೀಳುತ್ತಿದ್ದರೆ ಎದ್ದು ಬಳ್ಳಿ ಕಟ್ಟುತ್ತೇನೆ, ಬಳ್ಳಿ ಕಟ್ಟುತ್ತಿದ್ದರೆ ಕೂತು ಬೀಜ ಬಿಡಿಸುತ್ತೇನೆ. ಎದ್ದಾಗ ಎರಡೂ ಕೈ ಸೊಂಟದ ಹಿಂದೆ ಇಟ್ಟು ನಿಧಾನಕ್ಕೆ ಐದು ಸಲ ಹಿಂದಕ್ಕೆ ಬಾಗಿ. ಮುಂದಕ್ಕೆ ಬಗ್ಗಿ ಬಗ್ಗಿ ಬಿಗಿದ ಸೊಂಟ ಅಲ್ಲೇ ಸಡಿಲವಾಗುತ್ತದೆ. ಹಿಂದಕ್ಕೆ ಬಾಗಿದಾಗ ಕಾಲಿನ ಕಡೆ ನೋವು ಹರಿದರೆ ಮಾತ್ರ ಇದನ್ನು ಮಾಡಬೇಡಿ.

ಯಾವ ಹೊತ್ತಿಗೆ ತೋಟಕ್ಕೆ ಹೋಗುತ್ತೀರಿ ಅಂತ ನೀವು ಬರೆದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ನೇರ ತಾರಸಿಗೆ ಇರಬೇಕು ಅಂತ ನನ್ನ ಊಹೆ. ನಮ್ಮೂರಿನ ಚಳಿಯಲ್ಲಿ ಆ ಹೊತ್ತೇ ಚೆಂದ, ಒಪ್ಪಿದೆ. ಸೊಂಟಕ್ಕೆ ಮಾತ್ರ ಅದು ಸರಿಯಾದ ಹೊತ್ತಲ್ಲ. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ರಾತ್ರಿ ಮಲಗಿದಾಗ ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಾವು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಎತ್ತರ ಇರುತ್ತೇವೆ! ನಿಂತು ಓಡಾಡುತ್ತಾ ಆ ನೀರು ಹೊರಬರುತ್ತದೆ, ಅದರಲ್ಲೂ ಮೊದಲ ಒಂದು ಗಂಟೆಯಲ್ಲಿ ಬೇಗ. ಉಬ್ಬಿದ ಡಿಸ್ಕ್ ಇಟ್ಟುಕೊಂಡು ಬಗ್ಗಿದರೆ ಅದರ ಮೇಲೆ ಒತ್ತಡ ಹಗಲಿಗಿಂತ ಎಷ್ಟೋ ಜಾಸ್ತಿ. ಅದಕ್ಕೆ ಎದ್ದ ಮೊದಲ ಗಂಟೆ ಬಗ್ಗುವ, ಎತ್ತುವ ಕೆಲಸ ಬೇಡ. ಕಾಫಿ ಕುಡಿಯಿರಿ. ತಾರಸಿ ಮೇಲೆ ನಾಲ್ಕು ಸುತ್ತು ಹಾಕಿ. ಪೂಜೆಗೆ ಹೂ ಬಿಡಿಸಿ, ಎಲೆ ಕೆಳಗೆ ಹುಳ ಇದೆಯಾ ನೋಡಿ. ಗುದ್ದಲಿ, ಕುರ್ಪಿ ಏಳೂವರೆ ಮೇಲೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ.

ಮಂಡಿಯ ವಿಷಯಕ್ಕೆ ಬಂದರೆ ನನ್ನ ಅನುಮಾನ ಕುಂಡಕ್ಕಿಂತ ಮೆಟ್ಟಿಲಿನ ಮೇಲೆ. ದಿನಕ್ಕೆ ಎಷ್ಟು ಸಲ ತಾರಸಿಗೆ ಹತ್ತಿ ಇಳಿಯುತ್ತೀರಿ, ಒಂದು ದಿನ ಎಣಿಸಿ. ಕತ್ತರಿ ಮರೆತೆ ಅಂತ ಒಂದು ಸಲ, ಫೋನ್ ಬಂತು ಅಂತ ಒಂದು ಸಲ, ಅಕ್ಕಿ ತೊಳೆದ ನೀರು ಅಂತ ಇನ್ನೊಂದು ಸಲ. ಸವೆದ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕತ್ತರಿ, ದಾರ, ಕುರ್ಪಿ, ಕೈಗವಸು, ಬೇವಿನ ಎಣ್ಣೆ, ಕುಡಿಯುವ ನೀರು, ಒಂದು ಕುರ್ಚಿ ಎಲ್ಲ ಮುಚ್ಚಳದ ಡಬ್ಬದಲ್ಲೋ ನೆರಳಿನಲ್ಲೋ ಮೇಲೆಯೇ ಇರಲಿ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಿಮ್ಮ ಲೆಕ್ಕದಲ್ಲಿ ಹತ್ತಲು ಎಡ, ಇಳಿಯಲು ಬಲ. ಒಂದು ಕೈ ಕಂಬಿ ಮೇಲೆ ಇರಲೇಬೇಕು. ಅಂದರೆ ಎರಡೂ ಕೈಯಲ್ಲಿ ಸಾಮಾನು ಹಿಡಿದು ಮೆಟ್ಟಿಲು ಹತ್ತುವುದು ಇವತ್ತಿನಿಂದ ನಿಲ್ಲಬೇಕು.

ಅಲ್ಲಿಗೆ ನೀರಿನ ಪ್ರಶ್ನೆ ಬರುತ್ತದೆ. 60 ಕುಂಡಕ್ಕೆ ಅರ್ಧ ಲೀಟರಿನಂತೆ ಹಾಕಿದರೂ 30 ಲೀಟರ್. ಅಂದರೆ 30 ಕೆಜಿ. ಬಕೆಟ್ಟು ಮಗ್ಗಿನಲ್ಲಿ ಇಷ್ಟು ಹೊತ್ತರೆ ಯಾವ ಸೊಂಟ ಉಳಿಯುತ್ತದೆ? 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5000 ರೂಪಾಯಿ ದಂಡ ಎಂದಿತು. ಆಗಿನಿಂದ ತರಕಾರಿ ತೊಳೆದ ನೀರು, ಬಟ್ಟೆಯ ಕೊನೇ ಜಾಲಾಟದ ನೀರು ಹಿಡಿದಿಡುವ ಅಭ್ಯಾಸ ಅನೇಕರಿಗೆ ಬಂದಿದೆ. ಒಳ್ಳೆಯದೇ. ಆದರೆ ಅದನ್ನು ಮೇಲೆ ಹೊರುವವರು ಯಾರು? ಆ ನೀರನ್ನು ಕೆಳಗೆ ಕಾಂಪೌಂಡಿನ ಪಕ್ಕದ ಗಿಡಗಳಿಗೆ ಹಾಕಿ. ಮೇಲಕ್ಕೆ ಬೇರೆ ದಾರಿ ಮಾಡಿ. ಮೆಟ್ಟಿಲ ಕೋಣೆಯ ಮೇಲಿಂದ ಇಳಿಯುವ ಮಳೆ ನೀರನ್ನು ತಾರಸಿಯಲ್ಲೇ ಡ್ರಮ್ಮಿನಲ್ಲಿ ಹಿಡಿಯಬಹುದು. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮಳೆ ಜೋರು, ಆ ಸುಮಾರಿಗೆ ಡ್ರಮ್ಮು ತಾನಾಗೇ ತುಂಬುತ್ತದೆ. ಡ್ರಮ್ಮನ್ನು ಎರಡು ಬ್ಲಾಕ್ ಮೇಲೆ ಇಟ್ಟು ಕೆಳಗೆ ನಲ್ಲಿ ಹಾಕಿಸಿದರೆ ಪೈಪು ಸಿಕ್ಕಿಸಿ ಬಿಡಬಹುದು. ಪೈಪಿನ ತುದಿಗೆ 3 ಅಡಿ ಉದ್ದದ ಅರ್ಧ ಇಂಚಿನ ಪಿವಿಸಿ ಕೊಳವೆ ಸೇರಿಸಿ. ನೆಟ್ಟಗೆ ನಿಂತೇ ನೀರು ಬೇರಿನ ಹತ್ತಿರ ಬೀಳುತ್ತದೆ.

ಹನಿಹನಿಯಾಗಿ ನೀರು ಬಿಡುವ ಡ್ರಿಪ್ ಕೊಳವೆ ಹಾಕಿಸುವ ಮನಸ್ಸಿದ್ದರೆ ಒಂದು ಎಚ್ಚರ. ಸಾಮಾನ್ಯ ಡ್ರಿಪ್ಪರಿಗೆ ಸುಮಾರು 10 ಮೀಟರ್ ಎತ್ತರದಿಂದ ಇಳಿಯುವ ನೀರಿನಷ್ಟು ಒತ್ತಡ ಬೇಕು. ನಿಮ್ಮ ಟ್ಯಾಂಕು ಕುಂಡಕ್ಕಿಂತ ಎರಡು ಮೀಟರ್ ಮೇಲಿದ್ದರೆ ಹೆಚ್ಚು. ಹಾಗಾಗಿ ‘ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರಿಗೆ ಆಗುವಂಥದ್ದು’ ಎಂದೇ ಕೇಳಿ ತನ್ನಿ. ಇಲ್ಲದಿದ್ದರೆ ಟ್ಯಾಂಕಿನ ಹತ್ತಿರದ ಹತ್ತು ಕುಂಡ ಚೆನ್ನಾಗಿರುತ್ತವೆ, ಉಳಿದವು ಒಣಗುತ್ತವೆ.

ಭಾರ ಎತ್ತುವುದರಲ್ಲಿ ನಾನೇ ಮೂರ್ಖನಾದದ್ದನ್ನು ಹೇಳುತ್ತೇನೆ. ಏಳು ವರ್ಷದ ಹಿಂದೆ ಒಂದು ಭಾನುವಾರ ನಿಂಬೆ ಗಿಡಕ್ಕೆ ಬಿಸಿಲು ಸಾಲದು ಅಂತ 18 ಇಂಚಿನ ಕುಂಡ ಅಪ್ಪಿ ಹಿಡಿದು ಎತ್ತಿದೆ. ಎತ್ತಿದ್ದು ತಪ್ಪು. ಎತ್ತಿ, ಕಾಲು ಅಲ್ಲೇ ಇಟ್ಟು, ಸೊಂಟ ಮಾತ್ರ ಪಕ್ಕಕ್ಕೆ ತಿರುಗಿಸಿದ್ದು ಇನ್ನೂ ದೊಡ್ಡ ತಪ್ಪು. ‘ಟಕ್’ ಅಂದಿತು. ನಾಲ್ಕು ದಿನ ಹಾಸಿಗೆ. ಸಾವಿರ ಜನಕ್ಕೆ ‘ಭಾರ ಹಿಡಿದು ತಿರುಗಬೇಡಿ’ ಅಂತ ಹೇಳಿಕೊಟ್ಟವನು! ಅವರೆಕಾಯಿ ಕಾಲ ಬೇರೆ. ಮನೆಯವರೆಲ್ಲ ಹಿತಕಿದ ಬೇಳೆ ಸಾರು ಉಣ್ಣುತ್ತಿದ್ದರೆ ನಾನು ಅಂಗಾತ ಮಲಗಿ ವಾಸನೆ ಕುಡಿಯುತ್ತಿದ್ದೆ.

ಲೆಕ್ಕ ನೋಡಿ. 15 ಲೀಟರ್ ಹಿಡಿಯುವ ಕುಂಡದಲ್ಲಿ ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ 25 ಕೆಜಿಯಷ್ಟು ತೂಗುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಸಮ ಬೆರೆಸಿದರೆ ಅದರಲ್ಲಿ ಮೂರನೇ ಒಂದು ಪಾಲು ಭಾರ ಇಳಿಯುತ್ತದೆ. ಕೋಕೋಪೀಟ್ ಅಂತ ನರ್ಸರಿಗಳಲ್ಲಿ ಸಿಗುವುದು ಇದೇ ನಾರಿನ ಪುಡಿ. 5 ಕೆಜಿಯ ಒಣ ಇಟ್ಟಿಗೆ ತಂದು ಟಬ್ಬಿನಲ್ಲಿ ಹಾಕಿ ನೀರು ಬಿಟ್ಟರೆ ಅದೇ ಅರಳಿಕೊಳ್ಳುತ್ತದೆ. ಮಣ್ಣು ಬೆರೆಸುವುದನ್ನು ನೆಲದಲ್ಲಿ ಗುದ್ದಲಿ ಹಿಡಿದು ಮಾಡಬೇಡಿ. ಟಬ್ಬನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಕೈಯಲ್ಲಿ, ಒಂದು ಸಲಕ್ಕೆ ಎರಡು ಕುಂಡಕ್ಕಾಗುವಷ್ಟು ಮಾತ್ರ. ಕುಂಡ ತುಂಬಿ ಎತ್ತುವ ಬದಲು ಖಾಲಿ ಕುಂಡ ಅದರ ಜಾಗದಲ್ಲಿ ಇಟ್ಟು ಚಿಕ್ಕ ಪಾತ್ರೆಯಲ್ಲಿ ಮಣ್ಣು ಸುರಿಯಿರಿ. ತುಂಬಿದ ಕುಂಡ ಸರಿಸಲೇಬೇಕಾದರೆ ಕೆಳಗೆ ಗೋಣಿಚೀಲ ತೂರಿಸಿ ತಳ್ಳಿ. ಎಳೆಯುವುದಕ್ಕಿಂತ ತಳ್ಳುವುದು ಸೊಂಟಕ್ಕೆ ಹಿತ. ಗೊಬ್ಬರದ ಮೂಟೆ ಮೇಲೆ ಸಾಗಿಸಲು ಕೆಲವರು ತಾರಸಿಗೆ ರಾಟೆ ಕಟ್ಟುತ್ತಾರೆ. ಮೆಟ್ಟಿಲು ಹತ್ತುವುದು ತಪ್ಪುತ್ತದೆ ನಿಜ. ಆದರೆ ಒಂದೇ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ, ದಿಕ್ಕು ಬದಲಿಸುತ್ತದೆ ಅಷ್ಟೇ. ಒಂದು ಸಲಕ್ಕೆ ನಾಲ್ಕೈದು ಕೆಜಿ ಮೀರಬೇಡಿ.

ಬಗ್ಗಲೇಬೇಕಾದ ಹೊತ್ತೂ ಬರುತ್ತದೆ. ಎರಡೂ ಕೈಯಲ್ಲಿ ತರಕಾರಿ ಚೀಲ ಇರುವಾಗ ಬಾಗಿಲನ್ನು ಹಿಂಭಾಗದಿಂದ ತಳ್ಳಿ ಮುಚ್ಚುತ್ತೇವಲ್ಲ, ಹಾಗೆ ಬಗ್ಗಿ. ಕುಂಡೆ ಹಿಂದಕ್ಕೆ ಹೋಗಬೇಕು, ಮಂಡಿ ಸ್ವಲ್ಪ ಸಡಿಲ, ಬೆನ್ನು ಹಲಗೆಯಂತೆ. ಮಡಚುವುದು ತೊಡೆ ಸೇರುವ ಜಾಗದಲ್ಲಿ, ನಡುವಿನಲ್ಲಲ್ಲ. ಒಂದು ಕೋಲನ್ನು ತಲೆಯಿಂದ ಬೆನ್ನಿನ ಮೇಲೆ ಉದ್ದಕ್ಕೆ ಹಿಡಿದು ಅಭ್ಯಾಸ ಮಾಡಿ. ತಲೆ, ಬೆನ್ನು, ಬಾಲಮೂಳೆ ಮೂರೂ ಕೋಲಿಗೆ ತಾಗಿಯೇ ಇರಬೇಕು. ಬಿದ್ದ ಒಂದು ಎಲೆ ಹೆಕ್ಕಬೇಕಾದರೆ ಒಂದು ಕೈಯಲ್ಲಿ ಸ್ಟ್ಯಾಂಡ್ ಹಿಡಿದು, ಒಂದು ಕಾಲನ್ನು ಹಿಂದಕ್ಕೆ ಎತ್ತಿ ಬಾಗಿ. ನೋಡಲು ತಮಾಷೆ ಅನಿಸುತ್ತದೆ. ಸೊಂಟಕ್ಕೆ ಹಗುರ.

ಕುಕ್ಕರುಗಾಲು ಕೆಟ್ಟದ್ದೇ ಅಂತ ಅನೇಕರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಸುಮ್ನೆ ಕೆಟ್ಟ ಹೆಸರು ಬಂದಿದೆ. ಚಿಕ್ಕಂದಿನಿಂದ ಅಭ್ಯಾಸ ಇರುವ, ನೋವಿಲ್ಲದ ಮಂಡಿಗೆ ಅದರಿಂದ ತೊಂದರೆ ಇಲ್ಲ. ನಿಮ್ಮ ಹಾಗೆ ಸವೆತ ಶುರುವಾದ ಮಂಡಿಯಲ್ಲಿ ಮಾತ್ರ ಪೂರ್ತಿ ಮಡಚಿದಾಗ ಮಂಡಿ ಚಿಪ್ಪಿನ ಹಿಂದೆ ಒತ್ತಡ ಮೈತೂಕದ ಹಲವು ಪಟ್ಟು ಏರುತ್ತದೆ. ಅದಕ್ಕೆ ಡಾಕ್ಟರು ಬೇಡ ಅಂದದ್ದು. ಬಚ್ಚಲುಮನೆಯ ಪುಟ್ಟ ಪ್ಲಾಸ್ಟಿಕ್ ಸ್ಟೂಲೂ ಬೇಡ. ಅದು ಕುಕ್ಕರುಗಾಲಿನ ತಮ್ಮ. ಮಂಡಿ ಅಷ್ಟೇ ಮಡಚುತ್ತದೆ, ಬೆನ್ನು ಕಮಾನಿನಂತೆ ಬಾಗುತ್ತದೆ. ಕೂರುವುದಾದರೆ ಮಂಡಿ ಎತ್ತರದ, ಅಂದರೆ 16–18 ಇಂಚಿನ, ಕೈ ಇರುವ ಕುರ್ಚಿ. ಏಳುವಾಗ ಕೈ ಊರಲು ಸಿಗುತ್ತದೆ.

ನೆಲದ ಮೇಲೆ ಕೆಲಸ ಇದ್ದೇ ಇದೆ ಅಂದರೆ ಹಳೇ ಯೋಗ ಮ್ಯಾಟನ್ನು ನಾಲ್ಕು ಮಡಿಕೆ ಮಾಡಿ, ಎಡ ಮಂಡಿ ಅದರ ಮೇಲೆ ಊರಿ, ಬಲ ಪಾದ ಮುಂದಿಟ್ಟುಕೊಳ್ಳಿ. ಪಕ್ಕದಲ್ಲಿ ಕುರ್ಚಿ ಇರಲಿ. ಏಳುವಾಗ ಎರಡೂ ಕೈ ಕುರ್ಚಿ ಮೇಲೆ, ಶಕ್ತಿಯ ಜಾಸ್ತಿ ಪಾಲು ಕೈಯಿಂದ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ನೆಲದ ಪಾತಿಯಲ್ಲಿ ಬೀಜ ಬಿತ್ತಲು ಒಂದು ಉಪಾಯ. ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ಎದೆಯೆತ್ತರಕ್ಕೆ ಕತ್ತರಿಸಿ, ಕೆಳತುದಿ ಓರೆ ಮಾಡಿ. ಓರೆ ತುದಿಯಿಂದ ಗುಳಿ ಮಾಡಿ, ಮೇಲಿನಿಂದ ಹುರುಳಿಕಾಯಿ ಬೀಜ ಬಿಟ್ಟು, ಕಾಲಿನಿಂದ ಮಣ್ಣು ಸರಿಸಿ.

ಕಳೆಗೆ ಮಳೆಯ ಮರುದಿನವೇ ಮುಹೂರ್ತ. ಮಣ್ಣು ಮೆತ್ತಗಿರುತ್ತದೆ, ಬೇರು ಸಮೇತ ಬರುತ್ತದೆ. ಗಟ್ಟಿ ಮಣ್ಣಲ್ಲಿ ಜಗ್ಗಿದರೆ ಸೊಂಟಕ್ಕೇ ಪೆಟ್ಟು. ಅದಕ್ಕಿಂತ ಒಳ್ಳೆಯದು ಕಳೆ ಬರದ ಹಾಗೆ ಮಾಡುವುದು. ರಸ್ತೆ ಬದಿ ಗುಡಿಸಿಟ್ಟ ಒಣ ಎಲೆ ನಮ್ಮೂರಲ್ಲಿ ಯಾವ ಬೀದಿಯಲ್ಲಿಲ್ಲ? ಎರಡು ಮೂರು ಇಂಚು ಹೊದಿಸಿ. ಕಳೆಯೂ ಕಡಿಮೆ, ನೀರೂ ಕಡಿಮೆ. ಜೇಕು ಮಾತ್ರ ಯಾವ ಹೊದಿಕೆಗೂ ಜಗ್ಗುವುದಿಲ್ಲ, ಗಡ್ಡೆ ಕಿತ್ತೇ ಆಗಬೇಕು. ಗೇಟಿನ ಹೊರಗೆ ಕಾಂಗ್ರೆಸ್ ಗಿಡ ಬಂದರೆ ಹೂ ಬಿಡುವ ಮುಂಚೆ, ಕೈಗವಸು ಹಾಕಿ ಕೀಳಿಸಿ.

ಮಳೆಗಾಲದಲ್ಲಿ ತಾರಸಿ ಪಾಚಿ ಕಟ್ಟುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಇರಲಿ. ನಿಮ್ಮ ವಯಸ್ಸಿನಲ್ಲಿ ಮಂಡಿ ನೋವಿಗಿಂತ ಜಾರಿ ಬೀಳುವುದಕ್ಕೆ ನಾನು ಜಾಸ್ತಿ ಹೆದರುತ್ತೇನೆ.

ವ್ಯಾಯಾಮ ಎರಡೇ ಹೇಳುತ್ತೇನೆ, ಹತ್ತು ಹೇಳಿದರೆ ಒಂದೂ ಮಾಡುವುದಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ. ನೋವಾದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿ. ಎರಡನೆಯದು, ಕಾಲು ಚಾಚಿ ಕೂತು ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಐದು ಎಣಿಸುವವರೆಗೆ ಒತ್ತುವುದು, ಹತ್ತು ಸಲ. ಬೆಳಿಗ್ಗೆ ಕುಕ್ಕರ್ ಕೂಗುವವರೆಗೆ ಒಂದು, ರಾತ್ರಿ ಹಾಸಿಗೆಯಲ್ಲಿ ಇನ್ನೊಂದು. ಎರಡು ಮೂರು ತಿಂಗಳು ಬಿಡದೆ ಮಾಡಿದರೆ ಮೆಟ್ಟಿಲಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ನೋವಿನ ಮಾತ್ರೆ ನುಂಗಿ ತೋಟಕ್ಕೆ ಇಳಿಯಬೇಡಿ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವ ದನಿಯೇ ಮುಚ್ಚಿಹೋಗುತ್ತದೆ. ಕೆಲಸ ಎಷ್ಟು ಮಾಡಬಹುದು ಅನ್ನುವುದಕ್ಕೆ ಅಳತೆ ಮರುದಿನದ ಬೆಳಿಗ್ಗೆ. ಸಂಜೆ ಸ್ವಲ್ಪ ನೋವಿದ್ದು ಬೆಳಿಗ್ಗೆಗೆ ಇಳಿದರೆ ಸರಿಯಾಗಿದೆ. ಬೆಳಿಗ್ಗೆ ಎಂದಿಗಿಂತ ಜಾಸ್ತಿ ನೋವಿದ್ದರೆ ಮುಂದಿನ ಸಲ ಅರ್ಧ ಮಾಡಿ.

ಕೆಲವು ಲಕ್ಷಣ ಕಂಡರೆ ಈ ಸಲಹೆಗಳನ್ನೆಲ್ಲ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ಮಡಚುವಾಗ ಚಾಚುವಾಗ ನಡುವೆ ಸಿಕ್ಕಿಕೊಂಡರೆ, ನಿಂತಲ್ಲೇ ಕುಸಿದರೆ. ಸೊಂಟದ ನೋವು ಕಾಲಿಗೆ ಇಳಿದು ಜೋಮು ಹಿಡಿದರೆ. ರಾತ್ರಿ ಮಲಗಿದರೂ ನೋವು ಬಿಡದಿದ್ದರೆ. ಸೊಂಟ ನೋವಿನ ಜೊತೆ ಮೂತ್ರ, ಮಲ ಹತೋಟಿ ತಪ್ಪಿದರೆ ಅದೇ ಗಳಿಗೆ ಆಸ್ಪತ್ರೆ, ನಾಳೆ ಅನ್ನಬಾರದು. ಮಣ್ಣಿನ ಕೆಲಸ ಮಾಡುವವರು ಹತ್ತು ವರ್ಷಕ್ಕೊಮ್ಮೆ ಟೆಟನಸ್ ಇಂಜೆಕ್ಷನ್ ತೆಗೆದುಕೊಂಡಿರಬೇಕು, ನಿಮ್ಮದು ಯಾವಾಗ ಆಯಿತು ನೋಡಿಕೊಳ್ಳಿ.

ಕೊನೆಗೆ ನಿಮ್ಮ ಅತ್ತೆಯವರ ಮಲ್ಲಿಗೆ. ಅದನ್ನು ಅಲುಗಾಡಿಸುವ ಯೋಚನೆಯೇ ಬಿಡಿ, ಕುಂಡ ಬದಲಾಯಿಸುವುದೂ ಬೇಡ. ಇದ್ದಲ್ಲೇ ಇರಲಿ. ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಕೂತು ಮೇಲಿನ ಎರಡು ಮೂರು ಇಂಚು ಹಳೇ ಮಣ್ಣು ತೆಗೆದು ಗೊಬ್ಬರ ಹಾಕಿ. ಡಿಸೆಂಬರ್ ಸುಮಾರಿಗೆ ಕೊಂಬೆ ಸವರಿಸಿದರೆ ಬೇಸಿಗೆಗೆ ಮೊಗ್ಗು ತುಂಬುತ್ತದೆ. ಈ ಸಲ ಸವರುವಾಗ ಪಕ್ಕಕ್ಕೆ ಚಾಚಿದ ಉದ್ದನೆಯ ಕೊಂಬೆ ಒಂದನ್ನು ಬಿಟ್ಟುಕೊಳ್ಳಿ. ಹೊಸ ಸ್ಟ್ಯಾಂಡನ್ನು ಆ ಕುಂಡದ ಪಕ್ಕಕ್ಕೇ ಬರುವಂತೆ ಮಾಡಿಸಿ, ಅದರ ಮೇಲೆ ಮಣ್ಣು ತುಂಬಿದ ಗ್ರೋ ಬ್ಯಾಗ್ ಇಡಿ. ಕೊಂಬೆಯನ್ನು ಅದರೊಳಕ್ಕೆ ಬಾಗಿಸಿ, ಮಣ್ಣಿಗೆ ತಾಗುವ ಗೆಣ್ಣಿನ ಕೆಳಗೆ ಸಿಪ್ಪೆ ಸ್ವಲ್ಪ ಕೆರೆದು, ಹೂತು, ಮೇಲೊಂದು ಕಲ್ಲು ಹೇರಿ. ಮಣ್ಣು ಒಣಗದಂತೆ ನೋಡಿಕೊಳ್ಳಿ. ಮೂರು ನಾಲ್ಕು ತಿಂಗಳಲ್ಲಿ ಬೇರು ಬರುತ್ತದೆ. ಮೆಲ್ಲಗೆ ಜಗ್ಗಿ ನೋಡಿ, ಬಿಡದೆ ಹಿಡಿದುಕೊಂಡಿದ್ದರೆ ತಾಯಿಗಿಡದ ಕಡೆಯಿಂದ ಕತ್ತರಿಸಿ. ಅತ್ತೆಯವರದೇ ಮಲ್ಲಿಗೆ, ನೀವು ನಿಂತು ಬಿಡಿಸುವ ಎತ್ತರದಲ್ಲಿ.